ಸಂಶೋಧನಾ ಸಾರಾಂಶದ ಐದು ನಡೆಗಳು

ಸಂಶೋಧನಾ ಲೇಖನದ ನೆತ್ತಿಯ ಮೇಲೆ ಕೂರುವ ಪುಟ್ಟ ಸಾರಾಂಶಕ್ಕೂ ಒಂದು ಕಟ್ಟುಪಾಡಿದೆ. ಇಂಥ ಕಟ್ಟುಪಾಡುಗಳ ಅಧ್ಯಯನಕ್ಕೆ ದಾರಿ ಹಾಕಿದವರು ಜಾನ್ ಸ್ವೇಲ್ಸ್. ಬರ್ಮಿಂಗ್‌ಹ್ಯಾಮ್‌ನ ಆಸ್ಟನ್ ವಿಶ್ವವಿದ್ಯಾಲಯದಲ್ಲಿದ್ದಾಗ, 1981ರಲ್ಲಿ, ಅವರು 48 ಲೇಖನಗಳ ಪೀಠಿಕೆಗಳನ್ನು ಬಿಡಿಸಿ ನೋಡಿ ನಾಲ್ಕು ‘ನಡೆ’ಗಳನ್ನು, ಅಂದರೆ ಬರಹದಲ್ಲಿ ಒಂದೊಂದು ಕೆಲಸ ಮಾಡುವ ಭಾಗಗಳನ್ನು, ಗುರುತಿಸಿದರು, 1990ರ ಪುಸ್ತಕದಲ್ಲಿ ಅವು ಮೂರಾದವು. ಸಾರಾಂಶಕ್ಕೆ ಐದು ನಡೆ ಹೇಳಿದವರು ಕೆನ್ ಹೈಲ್ಯಾಂಡ್, 2000ರಲ್ಲಿ: ಪೀಠಿಕೆ, ಉದ್ದೇಶ, ವಿಧಾನ, ಫಲಿತಾಂಶ, ತೀರ್ಮಾನ. ನೆಟ್, ಕೆ-ಸೆಟ್ ಅಭ್ಯರ್ಥಿಗಳು ಈ ಇಬ್ಬರನ್ನು ಅದಲುಬದಲು ಮಾಡಿಕೊಳ್ಳಬಾರದು.

ಐದೂ ಇರಲೇಬೇಕೇ? ಇಲ್ಲ.

ಮ್ಯಾಂಚೆಸ್ಟರ್‌ನ ಆಂದ್ರೆ ಗೈಮ್, ಕಾನ್‌ಸ್ಟಂಟೀನ್ ನೊವೊಸೆಲೊವ್ ತಂಡ 2004ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ ಗ್ರಾಫೀನ್ ಲೇಖನವನ್ನೇ ನೋಡಿ. ಅದರ ಸಾರಾಂಶದಲ್ಲಿ ಪೀಠಿಕೆಯೇ ಇಲ್ಲ. ಕೆಲವೇ ಪರಮಾಣುಗಳಷ್ಟು ದಪ್ಪದ ಇಂಗಾಲದ ಪದರದ ವರ್ಣನೆಯಿಂದ ಶುರುವಾಗಿ, ನೇರವಾಗಿ ವಿದ್ಯುತ್ ಗುಣಗಳ ಅಳತೆಗೆ ಜಿಗಿಯುತ್ತದೆ. ಈ ಪದರ ಬಿಡಿಸಲು ಬಳಸಿದ, ಆಮೇಲೆ ಜಗತ್ಪ್ರಸಿದ್ಧವಾದ ಅಂಟುಪಟ್ಟಿಯ ಸುದ್ದಿಯೂ ಅಲ್ಲಿಲ್ಲ! 2010ರಲ್ಲಿ ಇಬ್ಬರಿಗೂ ಭೌತಶಾಸ್ತ್ರದ ನೊಬೆಲ್ ಬಂತು.

ವೈದ್ಯಕೀಯ ಪತ್ರಿಕೆಗಳು ಇಷ್ಟು ಸಲಿಗೆ ಕೊಡುವುದಿಲ್ಲ. 1980ರ ದಶಕದ ಕೊನೆಯಿಂದ ಅಲ್ಲಿ ಉಪಶೀರ್ಷಿಕೆಗಳುಳ್ಳ ಸಾರಾಂಶ ರೂಢಿಗೆ ಬಂತು. ಸ್ಟಾಫರ್ಡ್‌ಶೈರ್‌ನ ಕೀಲ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞ ಜೇಮ್ಸ್ ಹಾರ್ಟ್ಲಿ ಇದನ್ನು ಪರೀಕ್ಷಿಸಿ, ಇದರಲ್ಲಿ ಮಾಹಿತಿ ಹೆಚ್ಚು, ಹುಡುಕುವುದೂ ಸುಲಭ ಎಂದು ಕಂಡುಕೊಂಡರು. ಜಾಗ ಮಾತ್ರ ತುಸು ಜಾಸ್ತಿ ಬೇಕು.