ನೀರಿನ ಡಿಎನ್‌ಎಯಿಂದ ಮೀನುಗಳ ಅಂದಾಜು: ಸದಸ್ಯರ ಅವಗಾಹನೆಗೆ

ಜೀವವೈವಿಧ್ಯ ಕಾಯ್ದೆ, 2002ರನ್ವಯ ಪಂಚಾಯತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿಯು ಜನತಾ ಜೀವವೈವಿಧ್ಯ ದಾಖಲಾತಿಯನ್ನು ಸಿದ್ಧಪಡಿಸತಕ್ಕದ್ದು. ಎಲೆಮಲ್ಲಪ್ಪಶೆಟ್ಟಿ ಕೆರೆ, ದಕ್ಷಿಣ ಪಿನಾಕಿನಿಯಂತಹ ಜಲಮೂಲಗಳ ಮೀನುಗಳನ್ನು ದಾಖಲಿಸಲು ಬಲೆಯೊಂದೇ ಸಾಲದು. ಬಲೆಗೆ ಸಿಗದ ಮೀನು ಪಟ್ಟಿಗೂ ಸಿಗದು. 2016ರ ಮಾರ್ಚ್‌ನಲ್ಲಿ ಹಲಸೂರು ಕೆರೆಯಲ್ಲಿ ಸಾವಿರಾರು ಮೀನುಗಳು ಸತ್ತು ತೇಲಿದವು. ಅಂತಹ ನಷ್ಟವನ್ನು ಅಳೆಯಲು ಮೊದಲು ಏನಿತ್ತೆಂಬ ದಾಖಲೆ ಬೇಕು.

ಮೀನು ತನ್ನ ಲೋಳೆ, ಹುರುಪೆ, ಮಲಗಳ ಮೂಲಕ ನೀರಿಗೆ ಡಿಎನ್‌ಎ ಬಿಡುತ್ತದೆ. ಒಂದೆರಡು ಲೀಟರ್ ನೀರನ್ನು ಸೂಕ್ಷ್ಮ ಶೋಧಕದಲ್ಲಿ ಸೋಸಿ, ಉಳಿದುದನ್ನು ಪ್ರಯೋಗಾಲಯದಲ್ಲಿ ವೃದ್ಧಿಸಿ ಓದಿದರೆ ಜಾತಿ ತಿಳಿಯುತ್ತದೆ. ನಿಷೇಧಿತ ಆಫ್ರಿಕನ್ ಕ್ಯಾಟ್‌ಫಿಶ್ ತಳದಲ್ಲಿ ಅಡಗಿದ್ದರೂ ಪತ್ತೆಯಾದೀತು. ಗೆಂಡೆಮೀನು ಹೆಚ್ಚಿದಂತೆ ನೀರಿನಲ್ಲಿ ಅದರ ಡಿಎನ್‌ಎಯೂ ಹೆಚ್ಚುವುದನ್ನು ಜಪಾನಿನ ಸಂಶೋಧಕರು 2012ರಲ್ಲಿ ತೋರಿಸಿದರು.

ಆದರೆ ಇದು ತಲೆ ಎಣಿಕೆಯಲ್ಲ. ಬಿಸಿಲು, ಶಾಖಗಳು ಡಿಎನ್‌ಎಯನ್ನು ಕೆಡಿಸುತ್ತವೆ. ಹರಿವು ಮೇಲಿನ ಊರಿನದನ್ನು ಹೊತ್ತು ತರುತ್ತದೆ. ಸತ್ತ ಮೀನು, ಬದುಕಿದ ಮೀನು ಎಂಬ ಭೇದವೂ ಕಾಣದು. ನಮ್ಮ ಭಾಗದ ವಿಶೇಷ ತೊಡಕೆಂದರೆ ಚರಂಡಿ. ಮೀನಂಗಡಿ ತೊಳೆದ ನೀರು ಸೇರಿದ ಕೆರೆಯಲ್ಲಿ ಸಮುದ್ರದ ಬಂಗುಡೆಯೂ ಇದೆಯೆಂದು ವರದಿ ಬಂದೀತು! ಆದುದರಿಂದ ಒಳಹರಿವು, ನಡುಭಾಗ, ಕೋಡಿ ಈ ಮೂರೂ ಕಡೆ, ಮಳೆಗಾಲಕ್ಕೆ ಮುನ್ನ ಹಾಗೂ ನಂತರ ಮಾದರಿ ಪಡೆದು, ಮೀನುಗಾರರ ಬಲೆಯ ಲೆಕ್ಕದೊಡನೆ ತಾಳೆ ನೋಡತಕ್ಕದ್ದು.