ಗೆಂಡೆ ಮೀನಿಗೆ ಮೇವಿನ ಗೂಡು ಕಟ್ಟುವ ಬಗೆ



ಮಳೆಗಾಲದಲ್ಲಿ ಕೆರೆಗೆ ಬಿಟ್ಟ ಮೀನುಮರಿಗಳು ಬೇಸಿಗೆಯ ಹೊತ್ತಿಗೆ ಸಾರಿಗೆ ಬರುವಷ್ಟು ಬೆಳೆದಿರುತ್ತವೆ. ಕೆರೆಗೆ ಬಲೆ ಎಳೆಯುವುದು ಹತ್ತು ಜನರ ಕೆಲಸ. ಮನೆಗೆ ಒಂದು ಹೊತ್ತಿಗೆ ಬೇಕಾಗುವ ಒಂದೆರಡು ಮೀನಿಗೆ ಗಾಳವೇ ಸಾಕು. ಆದರೆ ಗಾಳ ಕಟ್ಟುವುದರಲ್ಲಿ ಸರಿ ತಪ್ಪು ಎರಡೂ ಉಂಟು. ತಪ್ಪಾಗಿ ಕಟ್ಟಿದ ಗಾಳದಿಂದ ಮೀನು ನಮ್ಮ ಮನೆಗೂ ಬರುವುದಿಲ್ಲ, ಕೆರೆಯಲ್ಲಿ ಬದುಕಿಯೂ ಉಳಿಯುವುದಿಲ್ಲ.

ನನ್ನ ಅನುಭವವನ್ನೇ ಹೇಳುತ್ತೇನೆ. ಮೊದಮೊದಲು ನಾನು ದಾರಕ್ಕೆ ಭಾರವನ್ನು ಗಂಟು ಹಾಕಿ ಬಿಗಿಯಾಗಿ ಕಟ್ಟುತ್ತಿದ್ದೆ. ಒಂದು ಸಂಜೆ ದೊಡ್ಡ ಮೀನು ಸಿಕ್ಕಿ, ಕೈಯ ಹತ್ತಿರವೇ ದಾರ ಕಿತ್ತು ಹೋಯಿತು. ಹೋದರೆ ಹೋಯಿತೆಂದು ಮನೆಗೆ ಬಂದೆ. ಮೂರನೆಯ ದಿನ ಕೆರೆಯ ಜೊಂಡಿನಲ್ಲಿ ಆ ಮೀನು ಸತ್ತು ತೇಲುತ್ತಿತ್ತು. ಭಾರ ಜೊಂಡಿಗೆ ಸಿಕ್ಕಿಕೊಂಡು, ಗೂಟಕ್ಕೆ ಕಟ್ಟಿದ ಕರುವಿನಂತೆ ಅದು ಅಲ್ಲೇ ಸುತ್ತಿ ಸುತ್ತಿ ಸತ್ತಿತ್ತು. ಮೂರು ಕಿಲೋ ತೂಗುವ ಮೀನು ಯಾರ ಹೊಟ್ಟೆಗೂ ಸೇರಲಿಲ್ಲ. ಅಂದಿನಿಂದ ನಾನು ಭಾರವನ್ನು ದಾರಕ್ಕೆ ಬಿಗಿದಿಲ್ಲ.

ಯಾವ ಮೀನು ಎಲ್ಲಿ ಮೇಯುತ್ತದೆ ಎಂಬುದನ್ನು ಮೊದಲು ತಿಳಿಯಬೇಕು. ಕಾಟ್ಲಾ ಮೀನಿನ ಬಾಯಿ ಮೇಲ್ಮುಖವಾಗಿದೆ. ಅದು ನೀರಿನ ಮೇಲುಭಾಗದಲ್ಲಿ ಮೇಯುವುದು. ರೋಹು ನಡುನೀರಿನದು. ಮೃಗಾಲ್ ಮತ್ತು ಸಾಮಾನ್ಯ ಗೆಂಡೆ ತಳ ಕೆದಕಿ ತಿನ್ನುವ ಜಾತಿ. ಈಗ ನಮ್ಮ ಕೆರೆಗಳಲ್ಲಿ ಕಾಣುವ ಸಾಮಾನ್ಯ ಗೆಂಡೆಯ ಒಂದು ತಳಿಯನ್ನು 1957ರಲ್ಲಿ ಬ್ಯಾಂಕಾಕಿನಿಂದ ಭಾರತಕ್ಕೆ ತಂದರು. ಕಾಟ್ಲಾ, ರೋಹು, ಮೃಗಾಲ್ ನಿಂತ ನೀರಿನಲ್ಲಿ ತಾವಾಗಿ ಮರಿ ಮಾಡುವುದಿಲ್ಲ. ಸಾಮಾನ್ಯ ಗೆಂಡೆಯಾದರೋ ಕೆರೆಯ ಕಳೆಗೇ ಮೊಟ್ಟೆ ಅಂಟಿಸಿ ಸಂತಾನ ಬೆಳೆಸುತ್ತದೆ. ಈ ಲೇಖನದಲ್ಲಿ ಹೇಳುವ ಗೂಡು ತಳದಲ್ಲಿ ಮೇಯುವ ಈ ಎರಡು ಮೀನುಗಳಿಗೆ ತಕ್ಕದ್ದು.

ಗೆಂಡೆ ಹೇಗೆ ತಿನ್ನುತ್ತದೆ ಬಲ್ಲಿರಾ? ಅದರ ದವಡೆಯಲ್ಲಿ ಹಲ್ಲಿಲ್ಲ, ಹಲ್ಲಿರುವುದು ಗಂಟಲಿನಲ್ಲಿ. ಅದು ಮಣ್ಣಿನ ಸಮೇತ ಮೇವನ್ನು ಹೀರಿ, ಬೇಡವಾದುದನ್ನು ಉಗುಳಿಬಿಡುತ್ತದೆ. ಆದುದರಿಂದ ಮೇವು ಪುಡಿಪುಡಿಯಾಗಿ ಒಂದೇ ಜಾಗದಲ್ಲಿ ಬಿದ್ದಿರಬೇಕು, ಗಾಳ ಅದರ ಪಕ್ಕದಲ್ಲೇ ಇರಬೇಕು. ಹಿಟ್ಟಿನ ಉಂಡೆಯ ಸುತ್ತ ಐದಾರು ಗಾಳ ಚುಚ್ಚಿ ಎಸೆಯುವ ರೂಢಿ ಕೆಲವು ಕಡೆ ಉಂಟು. ಅದು ನನಗೆ ಒಪ್ಪಿಗೆಯಿಲ್ಲ. ಒಂದು ಗಾಳ ಮೀನಿನ ಬಾಯಿಗೆ ಸಿಕ್ಕಿದರೆ ಉಳಿದವು ಕಣ್ಣಿಗೋ ಹೊಟ್ಟೆಗೋ ನಾಟುತ್ತವೆ. ಬಿಡಿಸುವಾಗ ನಮ್ಮ ಬೆರಳಿಗೂ ಚುಚ್ಚುತ್ತವೆ. ಒಂದೇ ಗಾಳ ಸಾಕು.

ಗೂಡನ್ನು ಮನೆಯಲ್ಲೇ ಮಾಡಿಕೊಳ್ಳಬಹುದು. ಬರೆದು ಮುಗಿದ ಪೆನ್ನಿನ ಪ್ಲಾಸ್ಟಿಕ್ ರೀಫಿಲ್ಲನ್ನು ತೊಳೆದು, ಎರಡು ತುದಿಗಳನ್ನೂ ಕತ್ತರಿಸಿ, ಬೆರಳುದ್ದದ ಕೊಳವೆ ಮಾಡಿರಿ. ತೆಳುವಾದ ಕಂಬಿಯನ್ನು ಬೆರಳು ದಪ್ಪದ ಕೋಲಿಗೆ ಏಳೆಂಟು ಸುತ್ತು ಬಿಡಿಬಿಡಿಯಾಗಿ ಸುತ್ತಿ, ಕೋಲಿನಿಂದ ಕಳಚಿರಿ. ಆ ಸುರುಳಿಯೊಳಗೆ ಕೊಳವೆಯನ್ನು ತೂರಿಸಿ, ಸುರುಳಿಯ ಎರಡು ಕೊನೆಗಳನ್ನು ಇಕ್ಕಳದಿಂದ ಕೊಳವೆಗೆ ಹಿಡಿಯುವಂತೆ ಬಗ್ಗಿಸಿರಿ. ಕಂಬಿಯ ಮೊನೆ ಹೊರಗೆ ಚಾಚಿರಕೂಡದು. ಭಾರಕ್ಕೆ ಒಂದು ಕಬ್ಬಿಣದ ನಟ್ಟನ್ನು ಅದೇ ಕಂಬಿಗೆ ಬಿಗಿದರಾಯಿತು. ಸೀಸ ಬೇಡ. ಬಾತುಕೋಳಿಗಳೂ ನೀರುಹಕ್ಕಿಗಳೂ ಹರಳೆಂದು ತಿಳಿದು ಸೀಸದ ಗುಂಡನ್ನು ನುಂಗಿ ವಿಷವೇರಿ ಸಾಯುತ್ತವೆ. ಇಂಗ್ಲೆಂಡಿನಲ್ಲಿ ಹಂಸಗಳು ಹೀಗೆ ಸತ್ತುದರಿಂದಲೇ 1987ರಲ್ಲಿ ಸಣ್ಣ ಸೀಸದ ಗುಂಡುಗಳ ಮಾರಾಟವನ್ನು ನಿಲ್ಲಿಸಿದರು. ಕೆಲವು ಕಡೆ ತಂಗೂಸಿ ಎಂದು ಕರೆಯುವ ನೈಲಾನ್ ದಾರದ ಸುರುಳಿಯ ಮೇಲೆ ಅದು ಎಷ್ಟು ಕಿಲೋ ತಡೆಯುತ್ತದೆಂದು ಬರೆದಿರುತ್ತಾರೆ. ದೊಡ್ಡ ದಾರ 6 ಕಿಲೋ ತಡೆಯುವುದಾದರೆ ಗಾಳಕ್ಕೆ ಕಟ್ಟುವ ತುಂಡು ದಾರ 4 ಕಿಲೋದ್ದಾಗಿರಲಿ. ಎಳೆತ ಹೆಚ್ಚಾದಾಗ ಗಾಳದ ಹತ್ತಿರವೇ ಕಿತ್ತು, ಉಳಿದುದೆಲ್ಲ ನಮ್ಮ ಕೈಗೆ ಬರಬೇಕೆಂಬುದೇ ಇದರ ಉದ್ದೇಶ.

ದೊಡ್ಡ ದಾರದ ತುದಿಯನ್ನು ಮೊದಲು ಗೂಡಿನ ಕೊಳವೆಯಲ್ಲಿ ತೂರಿಸಿರಿ. ಆಮೇಲೆ ಸೈಕಲ್ ವಾಲ್ವ್ ಟ್ಯೂಬಿನ ಒಂದು ಚೂರನ್ನು ಪೋಣಿಸಿರಿ. ಗೂಡು ಬಂದು ಗಂಟಿಗೆ ಬಡಿಯದಂತೆ ಅದು ತಡೆಯುತ್ತದೆ. ತುದಿಗೆ ಅಂಗಡಿಯಲ್ಲಿ ಸ್ವಿವೆಲ್ ಎಂದು ಕೊಡುವ ತಿರುಗುವ ಸಣ್ಣ ಕೊಂಡಿಯನ್ನು ಕಟ್ಟಿ, ಕೊಂಡಿಯ ಆ ಬದಿಗೆ ಒಂದು ಗೇಣು ತುಂಡು ದಾರ, ಅದರ ತುದಿಗೆ ಗಾಳ. ಗಂಟನ್ನು ಬಿಗಿಯುವ ಮುಂಚೆ ಬಾಯಿಯ ನೀರಿನಿಂದ ಒದ್ದೆ ಮಾಡತಕ್ಕದ್ದು. ಒಣಗಂಟು ಬಿಗಿಯುವಾಗ ಕಾವೇರಿ ದಾರ ಸತ್ತ್ವಗೆಡುತ್ತದೆ. ಗಾಳದ ಹಿಮ್ಮುಳ್ಳನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿರಿ. ದಾರ ಸಡಿಲ ಬಿಡದಿದ್ದರೆ ಮೀನು ತಪ್ಪಿಸಿಕೊಳ್ಳುವುದಿಲ್ಲ. ನಮ್ಮ ಕೈಗೆ ಚುಚ್ಚಿದರೂ ಸಲೀಸಾಗಿ ಹೊರಗೆ ಬರುತ್ತದೆ.

ಇನ್ನು ಮುಖ್ಯವಾದ ಮಾತು. ಗೂಡಿನ ಮೇಲುಗಡೆ ದೊಡ್ಡ ದಾರದಲ್ಲಿ ಯಾವ ಗಂಟೂ ಇರಕೂಡದು. ತುಂಡಾದ ದಾರವನ್ನು ಗಂಟು ಹಾಕಿ ಜೋಡಿಸಿದ್ದರೆ ಅದನ್ನು ಬಳಸಬೇಡಿ. ಹೊಸದಾಗಿ ಕಟ್ಟಿದ ಗಾಳವನ್ನು ಮನೆಯ ಅಂಗಳದಲ್ಲೇ ಪರೀಕ್ಷಿಸಬಹುದು. ಗಾಳವನ್ನು ಒಬ್ಬರು ಜೋಪಾನವಾಗಿ ಹಿಡಿದು ನಡೆಯಲಿ, ದೊಡ್ಡ ದಾರದ ಬಿಡಿ ತುದಿ ನೆಲದ ಮೇಲೆ ಹರಿದುಬರಲಿ. ಗೂಡನ್ನು ಇನ್ನೊಬ್ಬರು ಕಾಲಿನಿಂದ ಅದುಮಿ ಹಿಡಿಯಲಿ. ದಾರವೆಲ್ಲ ಕೊಳವೆಯಿಂದ ಜಾರಿ ಹೊರಬಂದು, ಗೂಡು ನೆಲದಲ್ಲೇ ಉಳಿಯಿತೇ? ಹಾಗಾದರೆ ಕಟ್ಟಿದ್ದು ಸರಿ. ದಾರ ಕಿತ್ತರೂ ಮೀನು ಇದೇ ರೀತಿ ಗೂಡನ್ನು ಬಿಟ್ಟು ಹೋಗುತ್ತದೆ. ಗೂಡನ್ನು ಬಿಗಿದು ಕಟ್ಟಿದರೆ ಭಾರದ ಜಗ್ಗಿಗೆ ಗಾಳ ತಾನೇ ನಾಟುತ್ತದೆ, ನಾವು ಕಾಯುವ ತೊಂದರೆಯಿಲ್ಲ ಎನ್ನುವವರುಂಟು. ಅದು ನಿಜವೇ. ಜಾರುವ ಗೂಡಿಗೆ ನಾವು ದಾರದ ಮೇಲೆ ಬೆರಳಿಟ್ಟು ಕುಳಿತಿರಬೇಕಾಗುತ್ತದೆ. ಆದರೆ ಗಾಳ ಹಾಕಿ ಮನೆಗೆ ಹೋಗುವುದು ಹೇಗೂ ಸಲ್ಲದು.

ಮೇವಿಗೆ ಕಡಲೆಕಾಯಿ ಹಿಂಡಿಯನ್ನು ರಾತ್ರಿ ನೆನೆಹಾಕಿ, ಬೆಳಿಗ್ಗೆ ಅಕ್ಕಿ ತೌಡು, ಹುರಿದ ರಾಗಿ ಹಿಟ್ಟು, ಒಂದು ಚೂರು ಬೆಲ್ಲ ಸೇರಿಸಿ ಕಲಸಿರಿ. ಬೂಸ್ಟು ಹಿಡಿದ ಹಿಂಡಿಯಲ್ಲಿ ವಿಷವಿರುತ್ತದೆ. ಅದು ಹಸುವಿಗೂ ಬೇಡ, ಮೀನಿಗೂ ಬೇಡ. ಹದ ನೋಡುವುದಕ್ಕೆ ಗೂಡಿಗೆ ಮೆತ್ತಿ ಒಂದು ಬಕೆಟ್ ನೀರಿನಲ್ಲಿ ಬಿಡಿರಿ. ಬಿದ್ದೊಡನೆ ಕರಗಿದರೆ ನೀರು ಹೆಚ್ಚಾಗಿದೆ ಅಥವಾ ಹಿಟ್ಟು ಕಡಮೆಯಾಗಿದೆ. ಕಾಲು ಗಂಟೆಯಾದರೂ ಮುದ್ದೆಯಂತೆಯೇ ಇದ್ದರೆ ತೌಡು ಬೆರೆಸಿರಿ. ಐದು ಹತ್ತು ನಿಮಿಷದಲ್ಲಿ ಪುಡಿಯಾಗಿ ಉದುರುವುದು ಒಳ್ಳೆಯ ಹದ. ಗಾಳಕ್ಕೆ ಎರೆಹುಳು ಅಥವಾ ಬೇಯಿಸಿದ ಮುಸುಕಿನ ಜೋಳದ ಒಂದು ಕಾಳು ಸಾಕು. ಒಣಕಾಳನ್ನು ನೀರಿಗೆ ಎರಚಬೇಡಿ. ಅದು ಮೀನಿನ ಹೊಟ್ಟೆಯಲ್ಲಿ ಉಬ್ಬುತ್ತದೆ. ಮುಂಜಾನೆ ಮೀನುಗಳು ಮೇಲೆ ಬಂದು ಬಾಯಿ ಬಿಡುತ್ತಿದ್ದರೆ ಅದು ಹಸಿವಲ್ಲ, ನೀರಿನಲ್ಲಿ ಪ್ರಾಣವಾಯು ಸಾಲದ ಗುರುತು. ಆ ದಿನ ಗಾಳವೂ ಬೇಡ, ಮೇವೂ ಬೇಡ. ಹೊಂಡವಾದರೆ ಹೊಸ ನೀರು ಹಾಯಿಸಿರಿ.

ಪ್ಲಾಸ್ಟಿಕ್ ಹಾಳೆ ಹೊದಿಸಿದ ಕೃಷಿ ಹೊಂಡಕ್ಕೆ ಈ ಗೂಡನ್ನು ಎಸೆಯಲೇಬೇಡಿ. ಗಾಳ ಹಾಳೆಗೆ ನಾಟಿದರೆ ಮೀನಿಗಿಂತ ಹೆಚ್ಚು ಬೆಲೆಯ ನೀರು ಸೋರಿಹೋಗುತ್ತದೆ. ಅಲ್ಲಿ ಬೆಂಡು ಕಟ್ಟಿ ಗಾಳವನ್ನು ನಡುನೀರಿನಲ್ಲಿ ತೂಗಬಿಡಿರಿ. ಆ ಹಾಳೆ ಪಾಚಿ ಹಿಡಿದು ಬಹಳ ಜಾರುತ್ತದೆ. ಬಿದ್ದವರಿಗೆ, ಈಜು ಬಲ್ಲವರಿಗೂ ಸಹ, ಹತ್ತಿ ಬರುವುದು ಕಷ್ಟ. ಗಂಟು ಗಂಟಾಗಿ ಕಟ್ಟಿದ ಹಗ್ಗವೊಂದು ಗೂಟದಿಂದ ನೀರಿನವರೆಗೆ ಸದಾ ಇಳಿಬಿದ್ದಿರಲಿ. ಮಕ್ಕಳನ್ನು ಮಾತ್ರವೇ ಗಾಳಕ್ಕೆ ಕಳುಹಿಸಕೂಡದು. ಪಂಪ್‌ಸೆಟ್ಟಿನ ವಿದ್ಯುತ್ ತಂತಿಯ ಕೆಳಗೆ ನಿಂತು ಗಾಳ ಬೀಸುವುದು ಪ್ರಾಣಕ್ಕೆ ಅಪಾಯ; ಒದ್ದೆಯಾದ ಬಿದಿರಿನ ಕೋಲಿನಲ್ಲೂ ವಿದ್ಯುತ್ ಹರಿಯುತ್ತದೆ. ಗಾಳ ಕೈಗೆ ಆಳವಾಗಿ ನಾಟಿದರೆ ಕಿತ್ತು ಎಳೆಯದೆ ಆಸ್ಪತ್ರೆಗೆ ಹೋಗಿ, ಧನುರ್ವಾಯುವಿನ ಚುಚ್ಚುಮದ್ದು ಹಾಕಿಸಿಕೊಳ್ಳಿರಿ.

ಕೆರೆಯ ಮೀನಿನ ಗುತ್ತಿಗೆ ಆಗಿದ್ದರೆ ಗುತ್ತಿಗೆದಾರರನ್ನು ಕೇಳಿಯೇ ಗಾಳ ಹಾಕತಕ್ಕದ್ದು. ದನ ನೀರು ಕುಡಿಯುವ ಕಡೆ ಹಾಕಕೂಡದು. ನೈಲಾನ್ ದಾರ ಮಣ್ಣಿನಲ್ಲಿ ಕೊಳೆಯುವುದಿಲ್ಲ. ದಡದಲ್ಲಿ ಬಿಟ್ಟ ಒಂದು ಮಾರು ದಾರ ಮೇಕೆಯ ಕಾಲಿಗೋ ಕೊಕ್ಕರೆಯ ಕಾಲಿಗೋ ಸುತ್ತಿಕೊಳ್ಳುತ್ತದೆ. ಹೋಗುವಾಗ ಒಂದು ಹಳೆಯ ಬೆಂಡಿಗೆ ಗಾಳಗಳನ್ನು ಚುಚ್ಚಿಕೊಂಡು ಎಣಿಸಿ ಒಯ್ಯಿರಿ. ಬರುವಾಗ ಮತ್ತೆ ಎಣಿಸಿರಿ. ಒಂದು ಕಡಮೆಯಾಗಿದ್ದು, ಅದು ನೀರಿನಲ್ಲಿ ಕಿತ್ತು ಹೋದದ್ದಲ್ಲವಾದರೆ, ಕತ್ತಲಾಗುವ ಮುಂಚೆ ದಡದ ಹುಲ್ಲಿನಲ್ಲಿ ಹುಡುಕಿರಿ. ನಾಳೆ ಬೆಳಿಗ್ಗೆ ಅಲ್ಲಿಗೆ ಯಾರಾದರೂ ಬರಿಗಾಲಿನಲ್ಲಿ ದನ ಹೊಡೆದುಕೊಂಡು ಬರುತ್ತಾರೆ.