ನೀರಾ ಸೋಸುವುದು ಹೇಗೆ?

ಬ್ರಹ್ಮಾವರದಿಂದ ಕುಂದಾಪುರವನ್ನು ದಾಟಿ ಬೈಂದೂರಿನವರೆಗೆ ಕರಾವಳಿಯಲ್ಲಿ ಸಾಗುವಾಗ, ತೆಂಗಿನ ಅಥವಾ ತಾಳೆಯ ಮರದ ತಲೆಯಲ್ಲಿ ಕಟ್ಟಿದ ಮಡಕೆಯು ಕಣ್ಣಿಗೆ ಬೀಳುವುದುಂಟು. ಮೂರ್ತೆದಾರನು ಬೆಳಗು ಬೈಗು ಮರವನ್ನೇರಿ ಹೊಂಬಾಳೆಯ ತುದಿಯನ್ನು ತೆಳ್ಳಗೆ ಕೆತ್ತುತ್ತಾನೆ. ಅಲ್ಲಿಂದ ತೊಟ್ಟಿಕ್ಕುವ ಸಿಹಿರಸದಲ್ಲಿ ನೂರಕ್ಕೆ 12ರಿಂದ 15 ಪಾಲು ಸಕ್ಕರೆಯಿರುತ್ತದೆ. ಗಾಳಿಯಿಂದಲೂ ಹುಳುಗಳಿಂದಲೂ ಬಂದು ಬೀಳುವ ಯೀಸ್ಟ್ ಮೊದಲಾದ ಸೂಕ್ಷ್ಮಜೀವಿಗಳಿಗೆ ಇದು ಹಬ್ಬದೂಟವೇ ಸರಿ. ಕೆಲವೇ ಗಂಟೆಗಳಲ್ಲಿ ರಸವು ನೊರೆಗಟ್ಟಿ ಹುಳಿಯುತ್ತದೆ. ಮಡಕೆಯ ಒಳಮೈಗೆ ಸುಣ್ಣ ಬಳಿದರೆ ರಸವು ಕ್ಷಾರೀಯವಾಗಿ ಅವುಗಳ ಬೆಳವಣಿಗೆ ಕುಂಠಿತವಾಗುವುದು. ಸುಣ್ಣವಿದ್ದರೆ ನೀರಾ, ಇಲ್ಲದಿದ್ದರೆ ಕಳ್ಳು. ವ್ಯತ್ಯಾಸವಿಷ್ಟೇ.

ಆದರೆ ನೀರಾವನ್ನು ಕಾಯಿಸಿ ಬೆಲ್ಲ ಮಾಡಹೊರಟವನಿಗೆ, ರಸವನ್ನು ಕಾಪಾಡಿದ ಈ ಸುಣ್ಣವೇ ತೊಡಕಾಗುತ್ತದೆ. ಸುಣ್ಣ ಉಳಿದರೆ ಬೆಲ್ಲವು ಕಪ್ಪಾಗಿ, ನಾಲಗೆಗೆ ಒಗರಾಗುವುದು. ಸೋಸುತ್ತ ಹೊತ್ತು ಕಳೆದರೆ ರಸವು ಹುಳಿಯುವುದು. ಹುಳಿಯಲ್ಲಿ ಕುದಿಸಿದ ಸುಕ್ರೋಸು ಗ್ಲೂಕೋಸು ಮತ್ತು ಫ್ರಕ್ಟೋಸುಗಳಾಗಿ ಒಡೆದು, ಪಾಕವು ಅಂಟಂಟಾಗಿ ನಿಲ್ಲುವುದೇ ಹೊರತು ಅಚ್ಚು ಕಟ್ಟದು. ಒಂದು ದಿನದ ದುಡಿಮೆಯೂ ಸೌದೆಯೂ ವ್ಯರ್ಥ. ಆದುದರಿಂದ ಬೇಗನೆ ಸೋಸಬೇಕು, ತಿಳಿಯಾಗಿಯೂ ಸೋಸಬೇಕು. ಇವೆರಡೂ ಒಟ್ಟಿಗೆ ಹೇಗೆ ಸಾಧ್ಯ?

ಉತ್ತರವು ನಮ್ಮ ಅಡುಗೆಮನೆಯ ಕಾಫಿ ಫಿಲ್ಟರಿನಲ್ಲಿಯೇ ಇದೆ. ಅದರ ತಳದ ತೂತುಗಳನ್ನು ಬೆಳಕಿಗೆ ಹಿಡಿದು ನೋಡಿರಿ. ಪುಡಿಯ ಎಷ್ಟೋ ಕಣಗಳು ಆ ತೂತುಗಳಿಗಿಂತ ಸಣ್ಣವು. ಆದರೂ ಇಳಿಯುವ ಕಷಾಯದಲ್ಲಿ ಗಷ್ಟು ತೀರ ಕಡಿಮೆ. ಮೊದಲ ಕೆಲವು ಹನಿಗಳೊಡನೆ ನವುರಾದ ಪುಡಿ ಜಾರಿದರೂ, ಬಳಿಕ ದಪ್ಪ ಕಣಗಳು ಒಂದಕ್ಕೊಂದು ಆತು ತೂತಿನ ಮೇಲೆ ಕಮಾನು ಕಟ್ಟುತ್ತವೆ. ಅವುಗಳ ಸಂದಿಯಲ್ಲಿ ಸಣ್ಣವು ಸಿಕ್ಕಿಕೊಳ್ಳುತ್ತವೆ. ಅಂದರೆ ಸೋಸುವುದು ತಗಡಲ್ಲ, ಅದರ ಮೇಲೆ ನಿಂತ ಪುಡಿಯ ಹಾಸು! ಬಟ್ಟೆಯ ವಿಷಯವೂ ಹೀಗೆಯೇ. ಮೊದಲು ಇಳಿದ ಕದಡಿದ ನೀರಾವನ್ನು ಚೆಲ್ಲದೆ ಮೆಲ್ಲನೆ ಮತ್ತೆ ಮೇಲಕ್ಕೆ ಹೊಯ್ದರೆ, ಹಾಸು ಬಲಿತಂತೆ ರಸವು ತಿಳಿಯಾಗುತ್ತ ಬರುವುದು. ತೆಂಗಿನಕಾಯಿಯ ಹಾಲು ತೆಗೆಯುವವರ ಹಾಗೆ ಬಟ್ಟೆಯನ್ನು ಹಿಂಡಲಾಗದು. ಹಿಂಡಿದೊಡನೆ ಹಾಸು ಮುರಿದು, ಹಿಡಿದಿಟ್ಟ ಚರಟವೆಲ್ಲ ಕೆಳಗಿಳಿಯುತ್ತದೆ.

ಹಾಗಾದರೆ ಪುಡಿಯು ನವುರಾದಷ್ಟೂ ಒಳ್ಳೆಯದೆ? ಅಲ್ಲ. ಹಿಟ್ಟಿನಂಥ ಪುಡಿ ಹಾಕಿದ ಫಿಲ್ಟರು ಬೆಳಗಾದರೂ ತೊಟ್ಟಿಕ್ಕದೆಂಬುದು ಗೃಹಿಣಿಯರೆಲ್ಲ ಬಲ್ಲ ಸಂಗತಿ. ಸಪುರ ನಳಿಗೆಯಲ್ಲಿ ಹರಿಯುವ ದ್ರವದ ಮೊತ್ತವು ನಳಿಗೆಯ ತ್ರಿಜ್ಯದ ನಾಲ್ಕನೆಯ ಘಾತವನ್ನು ಅನುಸರಿಸುವುದೆಂದು ಫ್ರಾನ್ಸಿನ ವೈದ್ಯ ಪ್ವಾಸೆಯ್ 1840ರ ಸುಮಾರಿಗೆ ತೋರಿಸಿದನು. ಸಂದಿಯ ಅಗಲ ಅರ್ಧವಾದರೆ ಅದರೊಳಗಿನ ಹರಿವು ಅರ್ಧವಲ್ಲ, ಹದಿನಾರರಲ್ಲೊಂದು ಪಾಲು! ಸುಣ್ಣದ ಮಡ್ಡಿಯು ಬಟ್ಟೆಯನ್ನು ಕಟ್ಟಿಬಿಡುವುದಕ್ಕೆ ಕಾರಣವಿದೇ.

ಪಶ್ಚಿಮ ದೇಶಗಳಲ್ಲಿ ಬಿಯರು ಮಾಡುವವರೂ ಇದೇ ಇಕ್ಕಟ್ಟನ್ನು ಎದುರಿಸಿದರು. ಮೊಳೆತ ಬಾರ್ಲಿಯ ಸಿಹಿರಸಕ್ಕೆ ವರ್ಟ್ ಎಂದು ಹೆಸರು. ಕಹಿಗಾಗಿ ಅದರಲ್ಲಿ ಹಾಪ್ ಎಂಬ ಬಳ್ಳಿಯ ಹೂಗಳನ್ನು ಸುಮಾರು ಒಂದು ಗಂಟೆ ಕುದಿಸಿ, ಆಮೇಲೆ ಆ ಹೂಗಳನ್ನು ಬೇರ್ಪಡಿಸಬೇಕು. ಇಡಿಯ ಹೂಗಳಾದರೆ ತೂತುತಳದ ಪಾತ್ರೆಯಲ್ಲಿ ಸಡಿಲವಾದ ಹಾಸಾಗಿ ನಿಂತು, ಕುದಿತದಲ್ಲಿ ಹೆಪ್ಪುಗಟ್ಟಿದ ಪ್ರೋಟೀನನ್ನೂ ಹಿಡಿಯುತ್ತವೆ. ಬೇರ್ಪಡಿಸಬೇಕಾದ ವಸ್ತುವೇ ಬೇರ್ಪಡಿಸುವ ಸಾಧನವಾಗುವುದು! ಹೂವನ್ನು ಅರೆದು ಗುಳಿಗೆ ಮಾಡಿ ಹಾಕಿದರೆ ಮಾತ್ರ ಅದು ಕೆಸರಾಗಿ ಜರಡಿಯನ್ನು ಮುಚ್ಚುತ್ತದೆ. ಸಕ್ಕರೆ ಕಾರ್ಖಾನೆಗಳಲ್ಲಿಯೂ ಇದೇ ತತ್ತ್ವವುಂಟು. ಬ್ರಹ್ಮಾವರದಲ್ಲಿ ಹಿಂದೆ ಒಂದು ಸಹಕಾರಿ ಸಕ್ಕರೆ ಕಾರ್ಖಾನೆಯಿದ್ದುದನ್ನು ಹಿರಿಯರು ಬಲ್ಲರು. ಇಂಥ ಕಾರ್ಖಾನೆಗಳಲ್ಲಿ ಕಬ್ಬಿನ ರಸಕ್ಕೆ ಸುಣ್ಣ ಹಾಕಿದಾಗ ತಳಕ್ಕಿಳಿಯುವ ಮಡ್ಡಿಯು ತಾನಾಗಿ ಸೋಸಲು ಒಪ್ಪದು. ಅದಕ್ಕೆ ಕಬ್ಬಿನ ಸಿಪ್ಪೆಯ ನವುರಾದ ನಾರನ್ನು ಬೆರೆಸಿ ಹಾಸಿಗೆ ಸಡಿಲು ಕೊಡುತ್ತಾರೆ.

ಗುಳಿಗೆ ಹಾಕುವ ಬಿಯರುಗಾರರು ಕಂಡುಕೊಂಡ ಉಪಾಯ ಬೇರೆ: ರಸವನ್ನು ದುಂಡನೆಯ ಪಾತ್ರೆಯಲ್ಲಿ ಸುತ್ತ ತಿರುಗಿಸಿ ಬಿಟ್ಟುಬಿಡುವುದು. ಲೋಟದಲ್ಲಿ ಚಹದ ಎಲೆ ಹಾಕಿ ಚಮಚದಿಂದ ಕಲಕಿ ನೋಡಿರಿ. ಎಲೆಗಳು ಅಂಚಿಗೆ ಹೋಗುವ ಬದಲು ತಳದ ನಡುವೆ ಗುಡ್ಡೆಯಾಗುತ್ತವೆ. ತಳದ ಘರ್ಷಣೆಯಿಂದ ಅಲ್ಲಿನ ನೀರು ನಿಧಾನಿಸಿ ಒಳಮುಖವಾಗಿ ಹರಿಯುವುದೇ ಇದಕ್ಕೆ ಕಾರಣವೆಂದು ಐನ್‌ಸ್ಟೈನ್ 1926ರಲ್ಲಿ ವಿವರಿಸಿದನು. ನದಿಗಳು ಬಳಸಿ ಹರಿಯುವುದೇಕೆಂದು ಹೇಳಹೊರಟವನಿಗೆ ಚಹದ ಲೋಟ ದೃಷ್ಟಾಂತವಾಯಿತು! ನೀರಾವನ್ನೂ ಹೀಗೆ ಕಲಕಿ, ಸ್ವಲ್ಪ ಹೊತ್ತು ಬಿಟ್ಟು, ಅಂಚಿನಿಂದ ತಿಳಿಯನ್ನು ಬಗ್ಗಿಸಿಕೊಂಡರೆ ಬಟ್ಟೆಯ ಹೊರೆ ಬಹಳಷ್ಟು ಇಳಿಯುವುದು.

ಇಷ್ಟೆಲ್ಲ ಮಾಡಿದರೂ ಕರಗಿದ ಸುಣ್ಣವು ಯಾವ ಬಟ್ಟೆಗೂ ಸಿಕ್ಕದು. ಬರಿಯ ನೀರಿಗಿಂತ ಸಕ್ಕರೆಯ ನೀರಿನಲ್ಲಿ ಸುಣ್ಣವು ಹೆಚ್ಚಾಗಿ ಕರಗುವುದರಿಂದ ತೊಂದರೆ ಇಮ್ಮಡಿ. ಅದನ್ನು ಮೊದಲು ಗಟ್ಟಿಯಾಗಿಸಬೇಕು. ಸುಣ್ಣದ ತಿಳಿನೀರಿಗೆ ಕೊಳವೆಯಿಂದ ಉಸಿರೂದಿದರೆ ಬೆಳ್ಳಗಾಗುವುದನ್ನು ಶಾಲೆಯಲ್ಲಿ ಕಂಡಿದ್ದೇವೆ. ಇಂಗಾಲದ ಡೈ ಆಕ್ಸೈಡನ್ನು ಹಾಯಿಸಿದರೆ ನೀರಾದಲ್ಲಿಯೂ ಸುಣ್ಣವು ಕ್ಯಾಲ್ಸಿಯಂ ಕಾರ್ಬೊನೇಟಾಗಿ ತಳಕ್ಕಿಳಿಯುತ್ತದೆ. ಅತಿಯಾಗಿ ಹಾಯಿಸಿದರೆ ಬೈಕಾರ್ಬೊನೇಟಾಗಿ ಮತ್ತೆ ಕರಗಿಬಿಡುವುದು. ಫಾಸ್ಫೇಟು ಬೆರೆಸುವ ಕ್ರಮವೂ ಉಂಟು. ಹೀಗೆ ಸೋಸಿದ ರಸವನ್ನು ಸುಮಾರು 118 ಡಿಗ್ರಿ ಸೆಂಟಿಗ್ರೇಡಿನವರೆಗೆ ಕಾಯಿಸಿ ಅಚ್ಚಿಗೆ ಹೊಯ್ಯುತ್ತಾರೆ.

ಸುಣ್ಣವೇ ಬೇಡವೆಂದರೆ? ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯವರು ಹೊಂಬಾಳೆಗೆ ಮಂಜುಗಡ್ಡೆ ತುಂಬಿದ ಪೆಟ್ಟಿಗೆಯನ್ನು ತಗುಲಿಸಿ ರಸ ಹಿಡಿಯುವ ಕ್ರಮವನ್ನು ರೂಪಿಸಿ, ಆ ರಸಕ್ಕೆ ಕಲ್ಪರಸವೆಂದು ಹೆಸರಿಟ್ಟರು. ತಂಪಿನಲ್ಲಿ ಯೀಸ್ಟು ಮಂಕಾಗುತ್ತದೆ. ಅಲ್ಲಿ ಸೋಸಬೇಕಾದುದು ಇರುವೆ, ಜೇನ್ನೊಣ, ಹೂವಿನ ಧೂಳು ಇಷ್ಟೇ. ಒಂದು ಶುಚಿಯಾದ ಬಟ್ಟೆ ಸಾಕು. ಆದರೆ ಮಂಜುಗಡ್ಡೆಗೆ ದುಡ್ಡು ಬೇಕು, ಅದನ್ನು ಹೊತ್ತು ದಿನವೂ ಮರ ಹತ್ತುವವನೂ ಬೇಕು.